ಮೋಡ ಪೂರ್ತಿ ಇರಲಿ

ಕ್ಯಾಪ್ಟನ್ ತನ್ನ ಬೆರಳುಗಳನ್ನು ಒಂದೊಂದಾಗಿ ನೆಕ್ಕಿ, ಪ್ಯಾಂಟಿಗೆ ಒರೆಸಿ, ಅದೇ ಕೈಯಲ್ಲಿ ಕಂಪ್ಯೂಟರ್ ಆಟದ ವಿಮಾನದ ಚುಕ್ಕಾಣಿಯನ್ನು ಎತ್ತಿ ಮುದುಕರ ಮುಂದಿಟ್ಟ. "ಹಿಡ್ಕೊಂಡು ನೋಡಿ ಸರ್. ನಿಜವಾದ್ದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ." ಚಿಪ್ಸಿನ ಎಣ್ಣೆ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಮಿನುಗುತ್ತಿತ್ತು. ಮಾವ ಅದನ್ನು ಎರಡೂ ಕೈಯಲ್ಲಿ ಭಕ್ತಿಯಿಂದ ಹಿಡಿದುಕೊಂಡದ್ದು ಕಂಡು ಸೊಸೆ ಮುಖ ಕಿವಿಚಿದಳು.

ಅಸಹ್ಯ ಅವಳ ಹತ್ತಿರ ಸುಲಭಕ್ಕೆ ಸುಳಿಯುವುದಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು ಊರವರ ಕಫ, ಮಲ, ಮೂತ್ರ ಪರೀಕ್ಷಿಸುವುದು ಅವಳ ಕೆಲಸ. ಮಧ್ಯಾಹ್ನ ಕೈ ತೊಳೆದು, ಪಕ್ಕದ ಕೋಣೆಗೆ ಹೋಗಿ, ಡಬ್ಬಿ ಬಿಚ್ಚಿ ನೆಮ್ಮದಿಯಾಗಿ ಉಂಡು ಬರುವವಳು. ಅಂಥವಳು ಈ ಅಂಗಡಿಯ ಮೆಟ್ಟಿಲು ಹತ್ತಿದಾಗಿನಿಂದ ಯಾವುದನ್ನೂ ಮುಟ್ಟದೆ ಕೈ ಕಟ್ಟಿಕೊಂಡು ನಿಂತಿದ್ದಳು. ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದರು. ಬಿಸಿಯಾದ ತಂತಿಯ ವಾಸನೆ, ತೊಳೆಯದ ಕಾಲುಚೀಲದ ವಾಸನೆ ಎರಡೂ ಕೂಡಿಕೊಂಡಿದ್ದವು. ಕೀಬೋರ್ಡಿನ ಸಂದಿಗಳಲ್ಲಿ ಯಾರದೋ ತಿಂಡಿಯ ಚೂರು.

ಕ್ಯಾಪ್ಟನ್ ಎನ್ನುವುದು ಅಂಗಡಿಯವನು ತನಗೆ ತಾನೇ ಕೊಟ್ಟುಕೊಂಡ ಪದವಿ. ಕಂಪ್ಯೂಟರ್ ಜೋಡಿಸಿ ಮಾರುವುದು ಅವನ ಕಸುಬು. ಹೊಟ್ಟೆಯ ಮೇಲೆ ಬಿಗಿದ ಬಿಳಿ ಅಂಗಿ, ಭುಜದ ಮೇಲೆ ಚಿನ್ನದ ಬಣ್ಣದ ಪಟ್ಟಿಗಳು. ಕುರ್ಚಿ ಬಿಟ್ಟು ಗೇಣುದ್ದ ಮೇಲೇಳದವನಿಗೆ ಅಷ್ಟೊಂದು ಪಟ್ಟಿ! ಅವಳ ಗಂಡ ನಿಜವಾದ ವಿಮಾನ ಓಡಿಸುತ್ತಿದ್ದವನು, ಮನೆಗೆ ಬಂದೊಡನೆ ಅಂಗಿ ಕಳಚಿ ಬಕೆಟ್ಟಿಗೆ ಎಸೆಯುತ್ತಿದ್ದ.

ಅವನು ಸತ್ತು ಒಂದು ಮಳೆಗಾಲ ಕಳೆದಿತ್ತು. ಅಂಚೆಯ ಮೂಟೆಗಳನ್ನು ಸಾಗಿಸುವ ಸಣ್ಣ ವಿಮಾನ, ಒಳಗೆ ಅವನೊಬ್ಬನೇ. ಬೆಟ್ಟದ ಮಗ್ಗುಲಿನ ರನ್‌ವೇಗೆ ಮಳೆಯಲ್ಲಿ ಇಳಿಯಹೋಗಿ ಬೆಟ್ಟಕ್ಕೇ ಬಡಿದಿದ್ದ. ವಿಚಾರಣೆ ನಡೆಸಿದವರು ತಪ್ಪು ಪೈಲಟ್‌ನದೇ ಎಂದು ಬರೆದು ಕೈತೊಳೆದುಕೊಂಡರು. ಬಿದ್ದವನಿಗೆ ಆಳಿಗೊಂದು ಕಲ್ಲು ಎನ್ನುವಂತೆ ನೆಂಟರಿಷ್ಟರೂ ಅದನ್ನೇ ಹೇಳಿಕೊಂಡು ತಿರುಗಿದರು. ಸೊಸೆ ಆ ಮಾತನ್ನು ನುಂಗಿಕೊಂಡಳು. ತಪ್ಪೋ ಒಪ್ಪೋ, ಹೋದವನು ಹೋದ. ನುಂಗಲಾರದವರು ಮಾವ.

ಮಾವ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಈಗಲೂ ಬೆನ್ನು ಬಾಗಿಲ್ಲ. ಓಟದಲ್ಲಿ ಗೆದ್ದವರು ಯಾರು ಎಂದು ಜಗಳವಾದರೆ ಅವರು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಎಲ್ಲರನ್ನೂ ಮತ್ತೆ ಗೆರೆಯ ಮೇಲೆ ನಿಲ್ಲಿಸಿ ಸೀಟಿ ಊದುತ್ತಿದ್ದರು. ಮನೆಯಲ್ಲಿ ಕೂತು ವಿಮಾನ ಓಡಿಸುವ ಆಟವೊಂದಿದೆ, ಅದರಲ್ಲಿ ಇರುವ ಊರೇ ಇದೆ, ಬರುವ ಮಳೆಯೇ ಬರುತ್ತದೆ ಎಂದು ಯಾರೋ ಕಿವಿಗೆ ಹಾಕಿದ್ದೇ ತಡ, ಅವರಿಗೆ ಸೀಟಿ ನೆನಪಾಯಿತು. "ಮತ್ತೆ ಓಡಿಸಿ ನೋಡೋಣಮ್ಮ. ಆಗ್ತಿತ್ತೋ ಇಲ್ವೋ ಗೊತ್ತಾಗಿಬಿಡಲಿ," ಎಂದರು. ಬೇಡವೆಂದು ಅವಳು ಅಂಗಲಾಚಿದರೂ ಕೇಳಲಿಲ್ಲ. ಮುದುಕರ ತಲೆಗೆ ಅಂಗಡಿಯವನು ಟೋಪಿ ಹಾಕದಿರಲಿ ಎಂದು ಜೊತೆಗೆ ಬಂದಿದ್ದಳು, ಅಷ್ಟೆ.

"ಪೆಡಲ್ ಈಗಲೇ ಬೇಡ ಸರ್, ಆಮೇಲೆ ಸೇರಿಸ್ಕೊಬಹುದು," ಎಂದು ಕ್ಯಾಪ್ಟನ್ ಹೇಳುತ್ತಿದ್ದ. "ಪರದೆ ಒಂದು ಸಾಕಾ, ಮೂರು ಬೇಕಾ? ಮೂರಾದ್ರೆ ಅಕ್ಕಪಕ್ಕದ ಕಿಟಕಿನೂ ಕಾಣುತ್ತೆ. ಆದ್ರೆ ಮೂರು ಪರದೆ ಎಳೆಯೋಕೆ ಗ್ರಾಫಿಕ್ಸ್ ಕಾರ್ಡ್ ಗಟ್ಟಿ ಇರ್ಬೇಕು. ಪ್ರೊಸೆಸರ್‌ನಲ್ಲಿ ಮಾತ್ರ ಜುಗ್ಗತನ ಮಾಡ್ಬೇಡಿ. ವಿಮಾನ ನಿಲ್ದಾಣದ ಹತ್ರ ಬಂದಾಗ ಅದರ ಉಸಿರು ಕಟ್ಟುತ್ತೆ."

"ಇದರಲ್ಲಿ ಮಳೆ ಬರುತ್ತೇನಪ್ಪಾ?"

"ಮಳೆ ಏನ್ ಸರ್, ಆಲಿಕಲ್ಲೇ ಬೀಳುತ್ತೆ! ಅದಕ್ಕೆ ಬೇರೆ ಆಡ್-ಆನ್ ದುಡ್ಡು ಕೊಟ್ಟು ಆಟಕ್ಕೆ ಸೇರಿಸ್ಕೊಬೇಕು. ವಿಮಾನಕ್ಕೆ ಒಂದು ಆಡ್-ಆನ್, ಊರಿಗೆ ಒಂದು, ಹವೆಗೆ ಒಂದು. ಯಾವ ಊರು ಬೇಕು ಹೇಳಿ."

ಮಾವ ಹೇಳಿದರು. ಕ್ಯಾಪ್ಟನ್ನನ ಮುಖ ಊರಗಲವಾಯಿತು. "ಅಯ್ಯೋ, ಮೊದಲೇ ಹೇಳಬಾರದಾ ಸರ್! ಈಗ ಎಲ್ಲರೂ ಆಡ್ತಿರೋದೇ ಅದು. ಕಳೆದ ವರ್ಷ ಅಲ್ಲೊಂದು ವಿಮಾನ ಬಿತ್ತಲ್ಲ? ಒಬ್ಬ ಅದನ್ನೇ ಪ್ಯಾಕ್ ಮಾಡಿ ಬಿಟ್ಟಿದ್ದಾನೆ. ಊರು, ವಿಮಾನ, ಆವತ್ತಿನ ಹವೆ, ಎಲ್ಲಾ ಒಟ್ಟಿಗೆ. 'ಕೊನೆಯ ಇಳಿತ' ಅಂತ ಹೆಸರು."

ಪರದೆಯ ಮೇಲೆ ಚಿತ್ರ ಮೂಡಿತು. ಅದೇ ಹಳದಿ ಪಟ್ಟಿಯ ವಿಮಾನ. ಬಾಲದ ಮೇಲೆ ಅದೇ ಸಂಖ್ಯೆ. ಕೆಳಗೆ ಕೊಂಡವರು ಬರೆದ ಮಾತುಗಳು: ಸಖತ್ ಮಜಾ ಇದೆ. ಮಕ್ಕಳಿಗೂ ಇಷ್ಟ ಆಯ್ತು. ಬೆಟ್ಟಕ್ಕೆ ಗುದ್ದಿದಾಗ ಬೆಂಕಿ ಇನ್ನೂ ಚೆನ್ನಾಗಿ ಬರಬೇಕಿತ್ತು. ಗಾಜಿನ ಹಿಂದೆ ಟೈ ಕಟ್ಟಿಕೊಂಡ ಮುಖವಿಲ್ಲದ ಗೊಂಬೆಯೊಂದನ್ನು ಕೂರಿಸಿದ್ದರು. ಅವಳ ಗಂಡ ಟೈ ಕಟ್ಟುತ್ತಿರಲಿಲ್ಲ, ಕುತ್ತಿಗೆ ತುರಿಸುತ್ತದೆ ಎನ್ನುತ್ತಿದ್ದ. ಛೀ, ಎಂದು ಅವಳು ಗಟ್ಟಿಯಾಗಿಯೇ ಅಂದಳು. ಹೆಣದ ಮೇಲಿನ ಹಣ ಆಯುವುದು ಎಂದು ಕೇಳಿದ್ದಳು, ಆಯ್ದವನಿಗೆ ಹೊಗಳಿಕೆಯೂ ಸಿಗುವುದನ್ನು ಈಗ ಕಂಡಳು.

"ನಡೀರಿ ಮಾವ, ಹೋಗೋಣ."

"ಇರಮ್ಮ. ಅದೇ ಬೇಕು ನಂಗೆ," ಎಂದರು ಮಾವ. ಕಣ್ಣು ಪರದೆಯಿಂದ ಕೀಳಲಿಲ್ಲ. "ಇಳಿಸಿ ತೋರಿಸಪ್ಪ."

ಕ್ಯಾಪ್ಟನ್ ಮೇಜಿನ ಮೇಲಿದ್ದ ಸಣ್ಣ ಕಂಪ್ಯೂಟರಿಗೆ ಪ್ಯಾಕ್ ಹಾಕಿದ. ಒಂದು ಕೈಯಲ್ಲಿ ತಂಪು ಪಾನೀಯದ ಬಾಟಲಿ, ಇನ್ನೊಂದರಲ್ಲಿ ಚುಕ್ಕಾಣಿ. ತಿಳಿಯಾದ ಬಾನು, ಎಡಕ್ಕೆ ಹಸಿರು ಬೆಟ್ಟ, ಮುಂದೆ ಚಾಪೆ ಹಾಸಿದಂತೆ ರನ್‌ವೇ. ವಿಮಾನ ಹೋಗಿ ಸಲೀಸಾಗಿ ಕೂತಿತು. ಅವನು ಬಾಟಲಿಯಿಂದ ಒಂದು ಗುಟುಕು ಕುಡಿದ. "ನೋಡಿದ್ರಾ? ಇಷ್ಟೇ. ಆ ಪೈಲಟ್‌ಗೆ ಏನಾಗಿತ್ತೋ. ಆಮೇಲೆ ಅವನ ಕಡೆಯವರು ಮಳೆ ಅಂದ್ರಂತೆ, ಮೋಡ ಅಂದ್ರಂತೆ. ಕುಣಿಲಾರದವಳು ನೆಲ ಡೊಂಕು ಅಂದ್ಳಂತೆ."

ಮಾವನ ಬೆನ್ನು ಬಾಗಿತು. ಎಂದೂ ಬಾಗದ ಬೆನ್ನು, ಅವಳ ಕಣ್ಣೆದುರೇ. ಅವರು ಕುರ್ಚಿಯ ಕೈ ಹಿಡಿದುಕೊಂಡರು. ಅಂಗಡಿಯವನ ಕಪಾಳಕ್ಕೆ ಬಿಗಿಯಬೇಕೆನಿಸಿತು ಅವಳಿಗೆ.

"ಇದರಲ್ಲಿ ಮೋಡ ಎಲ್ಲಿದೆ? ಮಳೆ ಎಲ್ಲಿದೆ?" ಎಂದು ಕೇಳಿದಳು.

"ಇದು ಸಣ್ಣ ಮಷೀನ್ ಮೇಡಂ, ಪೂರ್ತಿ ಮೋಡ ಹಾಕಿದ್ರೆ ತಡವರಿಸುತ್ತೆ. ಚಿತ್ರ ಸರಾಗ ಓಡ್ಲಿ ಅಂತ ಮೋಡ ಕಮ್ಮಿ ಮಾಡಿದೀನಿ, ಮಳೆ ತೆಗೆದಿದೀನಿ. ಎಲ್ಲಾ ಅಂಗಡಿಲೂ ಹಾಗೇ ತೋರಿಸೋದು."

ಮಾವ ಎದ್ದು ನಿಂತರು. "ಆವತ್ತು ಮೋಡ ಕಮ್ಮಿ ಮಾಡೋಕೆ ಯಾರಿದ್ರಪ್ಪಾ? ನಿನ್ನ ಹತ್ರ ಇರೋ ದೊಡ್ಡ ಮಷೀನ್ ತೋರಿಸು. ಮೋಡ ಪೂರ್ತಿ ಇರಲಿ."

ದೊಡ್ಡ ಮಷೀನ್ ಒಳಕೋಣೆಯಲ್ಲಿತ್ತು. ಅಲ್ಲಿ ಬೆರಳು ಚೀಪುತ್ತ, ಒಬ್ಬರನ್ನೊಬ್ಬರು ಕ್ಯಾಪ್ಟನ್ ಕ್ಯಾಪ್ಟನ್ ಎಂದು ಕರೆದುಕೊಳ್ಳುತ್ತ ಕೂತಿದ್ದ ನಡುವಯಸ್ಸಿನ ಗಿರಾಕಿಗಳು ಸರಿದು ಮಾವನಿಗೆ ಕುರ್ಚಿ ಕೊಟ್ಟರು. ಗೋಡೆಯಗಲ ಮೂರು ಪರದೆ. ಅಂಗಡಿಯವನು ಬಾಟಲಿ ಕೆಳಗಿಟ್ಟು, ಈ ಸಲ ಎರಡೂ ಕೈ ಹಾಕಿದ.

ಮೂರೂ ಪರದೆ ಬೆಳ್ಳಗಾದವು. ಬೆಟ್ಟವಿಲ್ಲ, ನೆಲವಿಲ್ಲ, ಬಾನೂ ಇಲ್ಲ. ಮಳೆ ಗಾಜಿನ ಮೇಲೆ ಅಡ್ಡಡ್ಡ ಹರಿಯುತ್ತಿತ್ತು. ಹಿಂದೆ ನಿಂತವರು ಪರದೆಯತ್ತ ಬಗ್ಗಿದರು. ಇದಾ ನನ್ನ ಗಂಡ ಕೊನೆಗೆ ನೋಡಿದ್ದು, ಎಂದುಕೊಂಡಳು ಅವಳು. ಆ ಬಿಳುಪಿನಲ್ಲಿ ಕಪ್ಪಗೆ ಏನೋ ಮೂಡಿತು, ಮರಗಳಾಯಿತು, ಬಂಡೆಯಾಯಿತು. ಆಮೇಲೆ ಬೆಂಕಿ.

"ಹೋ!" ಎಂದು ಎಲ್ಲರೂ ನಕ್ಕರು. "ಕ್ಯಾಪ್ಟನ್ ಔಟ್! ಈ ಕಾರ್ಡಲ್ಲಿ ಬೆಂಕಿ ಎಷ್ಟು ಚೆನ್ನಾಗಿ ಬರುತ್ತೆ ನೋಡ್ರೋ!"

ಮಾವ ಚಪ್ಪಾಳೆ ತಟ್ಟಿದರು. "ನೋಡಮ್ಮ, ನೋಡು! ಇವನ ಕೈಲೂ ಆಗ್ಲಿಲ್ಲ!" ಅವರ ಮುಖ ಮದುವೆಮನೆಯಲ್ಲಿ ಬೆಳಗುವಂತೆ ಬೆಳಗುತ್ತಿತ್ತು.

ಕ್ಯಾಪ್ಟನ್ನನಿಗೆ ಅವಮಾನವಾಯಿತು. ಬಂದ ಗಿರಾಕಿಯನ್ನು ಮರೆತ, ವ್ಯಾಪಾರವನ್ನೂ ಮರೆತ. ಮತ್ತೆ ವಿಮಾನ ಎಬ್ಬಿಸಿದ, ಮತ್ತೆ ಬೆಟ್ಟಕ್ಕೆ ಹೊಡೆದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಇಲ್ಲಿ ಇಲಿಯ ಅಪ್ಪನೂ ಬೆಕ್ಕುಗಳ ಜೊತೆ ಕುಣಿಯುತ್ತಿದ್ದರು. ಪ್ರತಿ ಸಲ ಬೆಂಕಿ ಎದ್ದಾಗಲೂ ಮಾವ "ಭೇಷ್!" ಎಂದರು, ತೊಡೆ ತಟ್ಟಿದರು, ಪಕ್ಕದಲ್ಲಿ ಕೂತವನ ಹೆಗಲ ಮೇಲೆ ಕೈ ಹಾಕಿ ನಕ್ಕರು. ಆ ನಗೆಯಲ್ಲಿ ಅವರ ಕಟ್ಟಿಸಿದ ಹಲ್ಲಿನ ಸಾಲು ಕೆಳಗಿಳಿಯಿತು, ನಾಲಿಗೆಯಿಂದ ಅದನ್ನು ಮೇಲಕ್ಕೆ ನೂಕಿಕೊಂಡು ಮತ್ತೆ ನಕ್ಕರು. ಅವಳು ಮುಖ ತಿರುಗಿಸಿಕೊಂಡಳು. ಅಂಗಡಿಯವನ ಮೇಲಿದ್ದ ಅಸಹ್ಯವೆಲ್ಲ ಈಗ ಮಾವನ ಮೇಲೆ ಹೊರಳಿತ್ತು.

"ಒಳಗೆ ಕೂತಿರೋದು ಯಾರು ಅಂತ ನೆನಪಿದ್ಯಾ ಮಾವ?" ಎಂದು ಅವರ ಕಿವಿಯ ಬಳಿ ಬಗ್ಗಿ ಕೇಳಿದಳು.

"ನಂಗೇ ಹೇಳಿಕೊಡ್ತೀಯೇನಮ್ಮ?" ಅವರ ದನಿಯೂ ತಗ್ಗಿತು. "ಇವನು ಬೀಳಲಿ. ನೂರು ಸಲ ಬೀಳಲಿ. ಇವನು ಬಿದ್ದಷ್ಟೂ ನನ್ನ ಮಗ ತಪ್ಪು ಮಾಡ್ಲಿಲ್ಲ ಅಂತ ಆಗುತ್ತೆ."

ಅಷ್ಟರಲ್ಲಿ ಕ್ಯಾಪ್ಟನ್ ಮತ್ತೆ ಬಿಳುಪಿನೊಳಗೆ ಹೊಕ್ಕಿದ್ದ. ಸುತ್ತ ನಿಂತವರೆಲ್ಲ ಈಗ ಬೆಟ್ಟವನ್ನು ಬಾಯಿಪಾಠ ಮಾಡಿದ್ದರು. "ಬಲಕ್ಕೆ ತಗೊಳ್ಳೋ! ಇನ್ನೂ ಬಲಕ್ಕೆ! ಈಗ ತಗ್ಗಿಸು!" ಎಂದು ಕೂಗುತ್ತಿದ್ದರು. ಮೋಡದ ಕೆಳಗಿಂದ ಸಾಲುದೀಪಗಳು ಎದ್ದುಬಂದವು. ವಿಮಾನ ವಾಲಿತು, ಒಂದು ಚಕ್ರ ನೆಲ ತಾಗಿ ಎಗರಿತು, ಇನ್ನೊಂದೂ ತಾಗಿತು, ನೀರು ಎರಚುತ್ತ ಓಡಿ ಓಡಿ ನಿಂತಿತು.

ಕೋಣೆ ಹಾರಿಹೋಗುವಷ್ಟು ಕೂಗಿದರು. ಕ್ಯಾಪ್ಟನ್ ಕುರ್ಚಿಯಿಂದೆದ್ದು ಎರಡೂ ತೋಳು ಮೇಲೆತ್ತಿದ. ಕಂಕುಳಲ್ಲಿ ಬೆವರು ತಟ್ಟೆಯಗಲ ಹರಡಿತ್ತು. "ಆಗಲ್ಲ ಅಂತೇನಿಲ್ಲ ಸರ್! ತಾಳ್ಮೆ ಬೇಕಷ್ಟೆ! ಆ ಮನುಷ್ಯನಿಗೆ ತಾಳ್ಮೆ ಇರ್ಲಿಲ್ಲ."

ಮಾವನ ಕೈಗಳು ತಟ್ಟಲು ಎತ್ತಿದಂತೆಯೇ ನಿಂತಿದ್ದವು. ಅವನ್ನು ಮೆಲ್ಲಗೆ ಇಳಿಸಿ ಮೊಣಕಾಲ ಮೇಲಿಟ್ಟುಕೊಂಡರು.

"ಎಷ್ಟು ಸಲ ಆಡಿದೆಯಪ್ಪಾ ನೀನು," ಎಂದರು. ಯಾರಿಗೂ ಕೇಳಿಸಲಿಲ್ಲ. ಕ್ಯಾಪ್ಟನ್ ಆಗಲೇ ವಿಮಾನದ ಹೊರನೋಟವನ್ನು ಪರದೆಗೆ ತಂದು ತನ್ನ ಸಾಹಸವನ್ನು ಎಲ್ಲರಿಗೂ ತೋರಿಸುತ್ತಿದ್ದ. "ಇದು ನಮಗೆ ಬೇಡಮ್ಮ. ನಡಿ ಮನೆಗೆ," ಎಂದು ಮಾವ ಎದ್ದು, ಗೋಡೆ ಹಿಡಿದುಕೊಂಡು ಬಾಗಿಲ ಕಡೆ ಹೊರಟರು.

ಸೊಸೆ ಕದಲಲಿಲ್ಲ. ಪರದೆಯಲ್ಲಿ ರನ್‌ವೇಯ ಮೇಲೆ ಹಳದಿ ಪಟ್ಟಿಯ ವಿಮಾನ ಇಡಿಯಾಗಿ ನಿಂತಿತ್ತು. ಎಲ್ಲಿಯೂ ಒಂದು ಗೀರಿಲ್ಲ. ಮಳೆ ರೆಕ್ಕೆಯಿಂದ ತೊಟ್ಟಿಕ್ಕುತ್ತಿತ್ತು. ಮೂಗಿನ ಪಂಖ ನಿಧಾನವಾಗುತ್ತ ಆಗುತ್ತ ಒಂದು ಕಡೆ ನಿಂತಿತು.

"ಆಫ್ ಮಾಡ್ಲಾ ಮೇಡಂ?" ಎಂದ ಕ್ಯಾಪ್ಟನ್.

"ಬೇಡ. ಸ್ವಲ್ಪ ಇರಿ," ಎಂದಳು.

"ಏನಮ್ಮಾ?" ಎಂದು ಬಾಗಿಲಿನಿಂದ ಮಾವ ಕರೆದರು.

ಅವಳು ಗುಂಪನ್ನು ಸರಿಸಿಕೊಂಡು ಮುಂದೆ ಬಂದಳು. ಎಣ್ಣೆಗೈಗಳ ಗುರುತು ಮೆತ್ತಿದ್ದ ಪರದೆಗೆ ಮುಖ ಹತ್ತಿರ ತಂದು, ರೆಕ್ಕೆಯ ಹಿಂದೆ ಪೈಲಟ್ ಇಳಿದು ಬರುವ ಸಣ್ಣ ಬಾಗಿಲನ್ನೇ ನೋಡುತ್ತ ನಿಂತಳು.