ಹೇಳಿಕೊಡುವ ಸಾಲು

ರಿಪೇರಿ ಅಂಗಡಿಯ ಸಣ್ಣಸ್ವಾಮಿ ನಾಲ್ಕನೆಯ ಸ್ಕ್ರೂ ಬಿಚ್ಚಿ, ಗಿಟಾರ್ ಆಂಪ್ಲಿಫೈಯರಿನೊಳಗಿಂದ ಸ್ಪೀಕರನ್ನು ಹೊರಗೆ ತೆಗೆದ. ಅದರ ಕಪ್ಪು ಕಾಗದದ ಬಟ್ಟಲು ಒಂದು ಕಡೆ ಹರಿದಿತ್ತು. ಹರಿದಲ್ಲಿಗೆ ಕೆಂಪು ಉಗುರುಬಣ್ಣ ಬಳಿದು ಅಂಟಿಸಿದ್ದರು.

"ಇದ್ಯಾವ ಮೆಕ್ಯಾನಿಕ್ ಗಿರಿಯಣ್ಣ? ಕೆಲಸ ಚೆನ್ನಾಗೈತೆ. ನನ್ನ ಅಂಗಡಿಗೆ ಕಳಿಸು."

ಸ್ಟೂಲಿನ ಮೇಲೆ ಕೂತಿದ್ದ ಗಿರಿಯ ಅತ್ತೆ ಸುಲೋಚನಮ್ಮ, "ನಮ್ಮ ಯಮುನಾ" ಎಂದರು.

ಸಣ್ಣಸ್ವಾಮಿ ಹಳೆಯ ಸ್ಪೀಕರನ್ನು ಒಂದು ಹಾಳೆಯಲ್ಲಿ ಸುತ್ತಿ ಆಕೆಯ ಮಡಿಲಿಗಿಟ್ಟ.

ಸುಲೋಚನಮ್ಮನ ಮಗಳು ಯಮುನಾ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಕಾಫಿ ಎಸ್ಟೇಟಿನ ರಾಮಮಂದಿರದಲ್ಲಿ ಪ್ರತಿ ಶನಿವಾರ ಸಂಜೆ ಭಜನೆ. ಅವಳು ಒಂದು ಸಾಲು ಹೇಳಿಕೊಟ್ಟರೆ ಉಳಿದವರು ಅದನ್ನೇ ತಿರುಗಿ ಹೇಳುತ್ತಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಗಿದ್ದ ಗಿರಿ ಹೆಂಡತಿಯ ಪಕ್ಕದಲ್ಲಿ ಕೂತು ಗಿಟಾರ್ ನುಡಿಸುತ್ತಿದ್ದ. ಅವಳು ಹೋದ ಮೇಲೆ ಹೇಳಿಕೊಡುವ ಜಾಗದಲ್ಲಿ ಕೂರಲು ಯಾರಿಗೂ ಮನಸ್ಸಾಗಲಿಲ್ಲ. ಭಜನೆ ನಿಂತಿತು. ಅವಳ ಸಾಲನ್ನು ಗಿಟಾರಿನಲ್ಲಿ ನಾನೇ ನುಡಿಸುತ್ತೇನೆ, ನೀವು ತಿರುಗಿ ಹೇಳಿ ಎಂದು ಈಗ ಗಿರಿ ಹೊರಟಿದ್ದ. ಹತ್ತು ಜೊತೆ ತಾಳದ ನಡುವೆ ಆ ಪುಟ್ಟ ಸ್ಪೀಕರು ಕೇಳುತ್ತಿರಲಿಲ್ಲ; ಅದಕ್ಕೇ ದೊಡ್ಡದು ಹಾಕಿಸಲು ಬಂದಿದ್ದ.

"ಅಲ್ಲ ಗಿರಿ, ತಂತಿ ದೇವರ ಹೆಸರು ಹೇಳ್ತದಾ? ಬರೀ ರಾಗಕ್ಕೆ ಜನ ಏನಂತ ಹೇಳ್ಬೇಕು?"

"ಎಲ್ಲಾರಿಗೂ ಬಾಯಿಗೆ ಬತ್ತದಲ್ಲ ಅತ್ತೆ."

"ಯಾರೂ ಹೇಳ್ದೆ ಸುಮ್ನೆ ಕೂತ್ರೆ?"

"ಕೂತ್ರೆ ಅಲ್ಲಿಗೆ ಮುಗೀತು. ಆಮೇಲೆ ನಾನು ಗಿಟಾರ್ ಮುಟ್ಟಲ್ಲ."

ಸಣ್ಣಸ್ವಾಮಿ ಹಲಗೆಯ ತೂತನ್ನು ಅಗಲ ಮಾಡಿ ಎಂಟಿಂಚಿನ ಹೊಸ ಸ್ಪೀಕರನ್ನು ಕೂರಿಸಿದ.

"ಪವರ್ ಮೊದಲಿನಷ್ಟೇ. ಆದ್ರೆ ಇದು ಬಾಯಿ ಬಿಟ್ಟು ಹಾಡ್ತದೆ. ಹಾರನ್ ಥರ ಕಿರುಚಲ್ಲ, ಹೆದರ್ಬೇಡಿ ಅಮ್ಮ."

ಶನಿವಾರ ಸಂಜೆ ಮಂದಿರ ತುಂಬಿತು. ಹಣ್ಣು ಬಿಡಿಸುವ ಪಿಕ್ಕಿಂಗ್ ಮುಗಿಸಿದವರು ಕೈಕಾಲು ತೊಳೆದು ನೇರ ಅಲ್ಲಿಗೇ ಬಂದಿದ್ದರು. ಅವರಲ್ಲೊಬ್ಬಳಾದ ಮುತ್ತಮ್ಮ ತಾಳಗಳನ್ನು ಹಂಚಿದಳು. ದೀಪಕ್ಕೆ ಕೈಮುಗಿದು ಗಿರಿ ಮೊದಲ ಸಾಲು ನುಡಿಸಿದ. ಸ್ವರ ಕಡೆಯ ಗೋಡೆಯವರೆಗೂ ತುಂಬಿ ಕೇಳಿತು. ಜನ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅದೇ ಸಾಲು ಗಿಟಾರಿನಿಂದ ಮತ್ತೊಮ್ಮೆ ಬಂತು. ತೆರೆದ ಬಾಯಿಗಳು ಮುಚ್ಚಿದವು. ಎರಡನೆಯ ಸಾಲಿಗೂ ಹಾಗೇ ಆಯಿತು. ತಾಳಗಳು ಒಂದೊಂದಾಗಿ ನಿಂತವು.

ಗಿರಿ ತಲೆಯೆತ್ತಿ ನೋಡಿದ. ಒಬ್ಬರೂ ಹೇಳುತ್ತಿರಲಿಲ್ಲ. ಅವನು ಬಗ್ಗಿ ಆಂಪ್ಲಿಫೈಯರಿನ ಸದ್ದು ಇಳಿಸಿ, ವಯರನ್ನು ಕೀಳಲು ಕೈ ಹಾಕಿದ.

ಅಷ್ಟೂ ವರ್ಷ ಮಗಳ ಸಾಲಿಗೂ ಜನರ ಸಾಲಿಗೂ ಅವನು ಬಿಡದೆ ನುಡಿಸುತ್ತಿದ್ದುದು ಸುಲೋಚನಮ್ಮನಿಗೆ ಆಗ ನೆನಪಾಯಿತು.

"ಇರು ಗಿರಿ," ಎಂದರು. "ಅವಳ ಸಾಲು ನೀನೇ ನುಡಿಸ್ತೀಯ, ನಮ್ಮ ಸಾಲೂ ನೀನೇ ನುಡಿಸ್ತೀಯ. ನಾವು ಎಲ್ಲಿ ಬರೋದಪ್ಪ?"

ಗಿರಿ ವಯರಿನಿಂದ ಕೈ ತೆಗೆದ. "ಕೈ ಅಂಗೇ ಹೋಯ್ತದೆ ಅತ್ತೆ. ರೂಢಿ."

"ಅವಳದ್ದು ಮುಗಿದ ಮೇಲೆ ಕೈ ಎತ್ತು."

"ಎತ್ತದಿದ್ರೆ ಹೇಳಿ ಸುಲೋಚನಕ್ಕ, ನಾನು ಹಿಡ್ಕೊಂಡು ಕೂತ್ಕತೀನಿ," ಎಂದಳು ಮುತ್ತಮ್ಮ. ಹಿಂದೆ ಕೂತವರು ನಕ್ಕರು. ಗಿರಿಯ ಮುಖವೂ ಸ್ವಲ್ಪ ಸಡಿಲವಾಯಿತು.

ಅವನು ಸದ್ದು ಏರಿಸಿ ಮೊದಲ ಸಾಲನ್ನು ನುಡಿಸಿದ, ನಿಧಾನವಾಗಿ, ಅವಳು ಎಳೆಯುತ್ತಿದ್ದಲ್ಲಿ ಎಳೆದು. ಸಾಲು ಮುಗಿದದ್ದೇ ಕೈ ಎತ್ತಿದ.

ಮಗಳ ಮುಂದೆ ಎಂದೂ ಗಟ್ಟಿಯಾಗಿ ಹಾಡದ ಸುಲೋಚನಮ್ಮ ಕಣ್ಣು ಮುಚ್ಚಿ ದೇವರ ಹೆಸರು ಎತ್ತಿಕೊಂಡರು. ಸ್ವರ ಒಡೆಯಿತು. ಬಿಡದೆ ಮುಂದುವರಿಸಿದರು. ಮುತ್ತಮ್ಮ ಸೇರಿಕೊಂಡಳು. ಸಾಲು ಅರ್ಧಕ್ಕೆ ಬರುವಷ್ಟರಲ್ಲಿ ಎಲ್ಲರೂ ಹೇಳುತ್ತಿದ್ದರು, ತಾಳಗಳೂ ಸೇರಿದ್ದವು.

ಸಾಲು ಮುಗಿಯಿತು. ತಾಳಗಳು ಮಾತ್ರ ಒಂದೇ ಸಮನೆ ಬಡಿಯುತ್ತ ಮುಂದಿನದಕ್ಕೆ ಕಾದವು. ಗಿರಿ ಅಂಗೈಯನ್ನು ಪಂಚೆಗೆ ಒರೆಸಿಕೊಂಡು, ತಂತಿಯ ಮೇಲೆ ಬೆರಳಿಟ್ಟ.