ಬೋಳು ಕೋಶಗಳು

ಇನ್ಸ್‌ಬ್ರುಕ್‌ನ ಆ ಚರ್ಮದ ಪ್ರಯೋಗಾಲಯದಲ್ಲಿ ಪ್ರೊಫೆಸರ್ ಲೈಟ್‌ಗೆಬ್ ಹೇಳಿದ್ದೇ ವೇದವಾಕ್ಯ. ಚರ್ಮದ ತುಂಡನ್ನು ಕಿಣ್ವದಲ್ಲಿ ನೆನೆಸಿ, ಒಳಗಿನ ಕಾವಲು ಕೋಶಗಳನ್ನು ಬಿಡಿಸಿ ತೆಗೆಯುವ ವಿಧಾನ ಅವರದೇ. ಅದನ್ನು ಪ್ರಶ್ನಿಸುವ ಗುಂಡಿಗೆ ಯಾರಿಗಿದೆ? ವಾದದಲ್ಲಿ ಸೋತವರು ಸೋಮವಾರ ಸ್ವಂತ ಕೈಯಾರೆ ಕೇಕು ಮಾಡಿ ತರಬೇಕು, ಅದು ಅಲ್ಲಿನ ಪದ್ಧತಿ. ಪ್ರೊಫೆಸರ್ ಒಂದು ದಿನವೂ ತಂದವರಲ್ಲ.

ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಬುರ್ಗಿಗೆ ಒಂದೇ ಹಟ. ಈ ಕೋಶಗಳ ಮೈಮೇಲೆ ವೈರಸ್ಸನ್ನು ಗಪ್ಪನೆ ಹಿಡಿಯುವ ಕೊಂಡಿ, ಅಂದರೆ ಗ್ರಾಹಕವೊಂದಿದೆ, ಹಸಿರು ಬಣ್ಣ ಅಂಟಿಸಿದರೆ ಅದು ಸೂಕ್ಷ್ಮದರ್ಶಕದಲ್ಲಿ ಹೊಳೆಯಲೇಬೇಕು. ವರ್ಷವಾಯಿತು, ಯಾವಾಗ ನೋಡಿದರೂ ಅಮಾವಾಸ್ಯೆ.

"ಇಲ್ಲದ್ದನ್ನ ಹುಡುಕ್ತಾ ಕೂತಿದೀಯಮ್ಮ. ಬರೋ ಶುಕ್ರವಾರದ ಸಭೇಲಿ ತೋರ್ಸು, ಇಲ್ಲಾಂದ್ರೆ ಈ ಕೆಲಸಕ್ಕೆ ಬೀಗ," ಎಂದರು ಪ್ರೊಫೆಸರ್.

ಶನಿವಾರ ಅವಳು ಮುಖ ಊದಿಸಿಕೊಂಡೇ ಊರಿಗೆ ಹೋದಳು. ಮನೆಯಲ್ಲಿ ಹಂದಿ ಕೊಯ್ದಿದ್ದರು. ಅಪ್ಪ ಅದರ ಮೈಗೆಲ್ಲ ರಾಳದ ಪುಡಿ ಉಜ್ಜಿ, ಬಿಸಿನೀರು ಸುರಿದು, ಕೂದಲು ಹೆರೆಯುತ್ತಿದ್ದ.

"ಮುಟ್ಟಿ ನೋಡೇ, ಮಗು ಕೆನ್ನೆ! ಹುಟ್ಟಿದಾಗಿಂದ ಇದಕ್ಕೆ ಕೂದಲೇ ಇರ್ಲಿಲ್ಲ ಅಂದ್ರೂ ಜನ ನಂಬ್ತಾರೆ."

ಮುಟ್ಟಿದ ಕೈ ಅಲ್ಲೇ ನಿಂತಿತು. "ಅಯ್ಯೋ ಅಪ್ಪಾ! ನಾನೂ ಬೋಳಿಸ್ತಾ ಇದೀನಿ!"

"ಯಾರನ್ನೇ? ಪ್ರೊಫೆಸರನ್ನಾ?"

ಆ ಕಿಣ್ವ ಚರ್ಮವನ್ನಷ್ಟೇ ಸಡಿಲಿಸುತ್ತಿರಲಿಲ್ಲ, ಕೋಶಗಳ ಮೈಮೇಲಿನ ಗ್ರಾಹಕಗಳನ್ನೂ ಹೆರೆದು ಹಾಕುತ್ತಿತ್ತು! ಹಾಗೇ ಇರಬೇಕು, ಇನ್ನೇನು?

ಬುರ್ಗಿ ಊಟಕ್ಕೂ ನಿಲ್ಲದೆ ವಾಪಸು ಓಡಿದಳು. ಹೊಸ ಚರ್ಮದ ತುಂಡಿಗೆ ಕಿಣ್ವ ಸೋಕಿಸಲೇ ಇಲ್ಲ, ಬೆಚ್ಚಗಿನ ಪೋಷಕ ದ್ರವದಲ್ಲಿ ತೇಲಿಬಿಟ್ಟು ಕಾದಳು. ನಿಧಾನವಾಗಿ ಕೋಶಗಳು ಊಟದ ವಾಸನೆ ಹಿಡಿದ ನೆಂಟರಂತೆ ತಾವಾಗಿಯೇ ಹೊರಗೆ ತೆವಳಿ ಬಂದವು.

ಶುಕ್ರವಾರ ಸಭೆಯ ಪರದೆಯ ಅರ್ಧದ ತುಂಬ ಹಸಿರೋ ಹಸಿರು! ಒಂದೊಂದು ಕೋಶವೂ ದೀಪ ಹಚ್ಚಿಕೊಂಡು ಕೂತಂತಿತ್ತು.

"ಪಕ್ಕದ ಚಿತ್ರದಲ್ಲಿ ಯಾಕೆ ಕತ್ತಲೆ?" ಪ್ರೊಫೆಸರ್ ಗದರಿದರು.

"ಅವೂ ಇದೇ ಕೋಶಗಳು, ಪ್ರೊಫೆಸರೇ. ಅವಕ್ಕೆ ಮಾತ್ರ ನಿಮ್ಮ ಕಿಣ್ವ ಹಾಕಿದೀನಿ."

ಪ್ರೊಫೆಸರ್ ಪರದೆಯ ಹತ್ತಿರ ಹೋದರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

"ಥತ್! ಇಷ್ಟು ವರ್ಷ ನಾನು ಕ್ಷೌರದಂಗಡಿ ನಡೆಸ್ತಿದ್ನಲ್ಲೇ!"

ಇಡೀ ಕೋಣೆ ಮೇಜು ಕುಟ್ಟಿ ಕೂಗಿತು. ಬುರ್ಗಿ ಎರಡೂ ಕೈಯೆತ್ತಿ ಕುಣಿದೇಬಿಟ್ಟಳು.

ಸೋಮವಾರ ಪ್ರೊಫೆಸರ್ ಕೇಕು ತಂದರು. ತಳ ಪೂರ್ತಿ ಸೀದಿತ್ತು. ಬುರ್ಗಿ ಮಾತ್ರ ಮತ್ತೆ ಕೇಳಿ ಹಾಕಿಸಿಕೊಂಡು ತಿಂದಳು.