ಪಂಪ್ ಪರಮೇಶಿಯ ಒಂಬತ್ತು ಸೆಕೆಂಡು

ಪಂಪ್ ಪರಮೇಶಿಯನ್ನು ಸಾಯಿಸುವ ಕೆಲಸ ಕೃತಿಕಾಳ ತಲೆಗೆ ಬಿದ್ದು ಹದಿನೆಂಟು ದಿನವಾಗಿತ್ತು. ಸಾವು ಒಂಬತ್ತು ಸೆಕೆಂಡಿನದು. ಸೆಕೆಂಡಿಗೆ ಹನ್ನೆರಡರಂತೆ ನೂರಾ ಎಂಟು ಚಿತ್ರ. “ಏನವ್ವ, ಅಷ್ಟೋತ್ತರ ಎಲ್ಲಿಗೆ ಬಂತು?” ಎಂದು ಪಕ್ಕದ ಮೇಜಿನ ಸಂತೋಷ ದಿನಕ್ಕೊಮ್ಮೆ ಕೇಳುತ್ತಿದ್ದ. ಮೊದಲ ದಿನ ಅವಳೂ ನಕ್ಕಿದ್ದಳು.

‘ಕೆಂಪು ಕಕ್ಷೆ’ ಸಿನಿಮಾ ಬಂದು ಎರಡು ವರ್ಷವಾಗಿತ್ತು. ಮಂಗಳ ಗ್ರಹದಲ್ಲಿ ನೆಲೆ ಕಟ್ಟಿಕೊಂಡ ಮುನ್ನೂರು ಜನ, ಹೆಪ್ಪುಗಟ್ಟಿದ ನೆಲದಡಿಯಿಂದ ನೀರೆತ್ತುವ ಪಂಪುಗಳು. ಭೂಮಿಯ ಜೊತೆ ಸಂಪರ್ಕ ಕಡಿದುಹೋಗುವಲ್ಲಿಗೆ ಮೊದಲ ಭಾಗ ಮುಗಿದಿತ್ತು. ಎರಡನೆಯ ಭಾಗ ಶುರುವಾಗುವುದು ಹನ್ನೊಂದು ವರ್ಷದ ನಂತರ. ನಡುವೆ ಏನಾಯಿತೆಂದು ತೋರಿಸಲು ಮೂರು ಅನಿಮೇಷನ್ ಕಿರುಚಿತ್ರಗಳು, ಒಂದೊಂದು ಆರು ನಿಮಿಷದ್ದು, ಬಿಡುಗಡೆಗೆ ಮೊದಲು ವಾರಕ್ಕೊಂದರಂತೆ ಯೂಟ್ಯೂಬಿಗೆ ಬರಬೇಕಿತ್ತು. ಮೊದಲೆರಡನ್ನು ಬೆಂಗಳೂರಿನ ಸ್ಟುಡಿಯೋ ತಾನೇ ಇಟ್ಟುಕೊಂಡು ಮೂರನೆಯದನ್ನು ದಾವಣಗೆರೆಯ ರೇವಂತನಿಗೆ ದಾಟಿಸಿತ್ತು. ಪಿ.ಜೆ. ಬಡಾವಣೆಯ ಕನ್ನಡಕದ ಅಂಗಡಿಯೊಂದರ ಮೇಲೆ ರೇವಂತನ ಯೂನಿಟ್ಟು. ಐದು ಜನ, ಐದು ಕಂಪ್ಯೂಟರು, ನೀರು ಸೋರುವ ಒಂದು ಶೌಚಾಲಯ.

ಹೊರಗೆ ಹೇಳುವಾಗ ಇವು ಎರಡು ಭಾಗಗಳನ್ನು ಜೋಡಿಸುವ ಚಿತ್ರಗಳು. ಸ್ಕ್ರಿಪ್ಟು ಓದಿದ ಮೇಲೆ ಕೃತಿಕಾಳಿಗೆ ಕಂಡದ್ದು ಬೇರೆ. ಎರಡನೆಯ ಭಾಗಕ್ಕೆ ಬೇಡವಾದವರನ್ನು ಸಾಗಹಾಕುವ ಜಾಗ ಇದು. ಮೊದಲ ಚಿತ್ರದಲ್ಲಿ ಡಾಕ್ಟರಮ್ಮ ನಾಪತ್ತೆ, ಎರಡನೆಯದರಲ್ಲಿ ಮುದಿ ವಿಜ್ಞಾನಿಗೆ ಮರೆವು, ಮೂರನೆಯದರಲ್ಲಿ ಪರಮೇಶಿಯ ಸಾವು. ಆಮೇಲೆ ಆ ನಟರನ್ನು ಮತ್ತೆ ಕರೆಯಬೇಕಾಗಿಲ್ಲ.

ಪರಮೇಶಿ ಪಂಪ್ ರಿಪೇರಿಯವನು. ಮೊದಲ ಭಾಗದಲ್ಲಿ ಅವನಿಗಿದ್ದದ್ದು ನಾಲ್ಕೇ ದೃಶ್ಯ. ಪಂಪಿಗೊಂದು ಒದ್ದು “ಬಂತೇನಪ್ಪಾ ನೀರು?” ಎಂದು ಕೇಳುವ ಒಂದು ಮಾತಿಗೆ ಜನ ಬಿದ್ದು ಬಿದ್ದು ನಕ್ಕಿದ್ದರು. ಆ ಪಾರ್ಟು ಮಾಡಿದವರು ಹರಿಹರದ ಬಕ್ಕೇಶಪ್ಪ. ಮೂವತ್ತು ವರ್ಷ ನಾಟಕ ಕಂಪನಿಗಳಲ್ಲಿ ಹಾಸ್ಯಗಾರನಾಗಿ ಊರೂರು ಅಲೆದವರು. ಈಗ ಹರಿಹರದ ಬಸ್ ನಿಲ್ದಾಣದಲ್ಲಿ ಅವರನ್ನು ಕಂಡರೆ ಕಾಲೇಜಿನವರು ಅದೇ ಮಾತು ಕೂಗುತ್ತಾರೆ. ಅವರೂ ಕೈ ಬೀಸುತ್ತಾರೆ.

ಮೂರನೆಯ ಕಿರುಚಿತ್ರದಲ್ಲಿ ಈ ಪರಮೇಶಿ ಧೂಳಿನ ಬಿರುಗಾಳಿಗೆ ಸಿಕ್ಕಿ, ನೆಲೆಯ ಬಾಗಿಲನ್ನು ಹೊರಗಡೆಯಿಂದಲೇ ತಳ್ಳಿ ಮುಚ್ಚಿ, ಅಲ್ಲೇ ಕುಸಿದು ಸಾಯುತ್ತಾನೆ. ಇದನ್ನು ಯಾರಿಗೂ ಹೇಳುವುದಿಲ್ಲವೆಂದು ಯೂನಿಟ್ಟಿನ ಐವರೂ ಸಹಿ ಹಾಕಿಕೊಟ್ಟಿದ್ದರು. ಬಕ್ಕೇಶಪ್ಪನವರಿಗಂತೂ ತಿಳಿಯಲೇಬಾರದು, ಸಿಟ್ಟು ಮಾಡಿಕೊಂಡು ಯಾವುದಾದರೂ ಚಾನೆಲ್ಲಿನ ಮುಂದೆ ಕೂತರೆ ಕಷ್ಟ ಎಂದು ಬೆಂಗಳೂರಿನವರು ಬರೆದಿದ್ದರು. ಅವರಿಂದ ಮಾತಿಲ್ಲದ ಸದ್ದು ಮಾತ್ರ ತೆಗೆದುಕೊಳ್ಳಿ. ಏದುಸಿರು, ತಿಣುಕಾಟ, ಒಂದು ನರಳಾಟ. ಚಿತ್ರ ತೋರಿಸಬೇಡಿ.

ಗುರುವಾರ ಬೆಳಿಗ್ಗೆ ಬಕ್ಕೇಶಪ್ಪ ಬಸ್ಸಿಳಿದು ನಡೆದೇ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖದ ಮೇಲೆ ಪರಮೇಶಿಯದೇ ಕುರುಚಲು ಗಡ್ಡ.

“ಬೇಕಂತಲೇ ಬಿಟ್ಟೀನಿ,” ಎಂದು ಗಡ್ಡ ತಿಕ್ಕಿಕೊಂಡರು. “ಎರಡನೇ ಭಾಗಕ್ಕೆ ಯಾವಾಗ ಕರೀತಾರೋ ಏನೋ. ನಿಂಗೇನಾರ ಗೊತ್ತೇನವ್ವ?”

“ಇಲ್ಲ ಮಾಸ್ತರ್ರೆ. ಅದು ಬೆಂಗಳೂರಿನೋರಿಗೇ ಗೊತ್ತು.”

ದನಿ ಮುದ್ರಿಸುವ ಕೋಣೆಯೆಂದರೆ ಗೋಡೆಗೆ ಕೌದಿ ಹೊಡೆದ ಸ್ಟೋರ್ ರೂಮು. ಸದ್ದಾಗುತ್ತದೆಂದು ಫ್ಯಾನು ಹಾಕುವಂತಿರಲಿಲ್ಲ. ಬಕ್ಕೇಶಪ್ಪ ಸ್ಟೂಲಿನ ಮೇಲೆ ಕೂತು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು.

“ಯಾಕ ಕೇಳಿದೆ ಅಂದ್ರ, ಮಲ್ಲೇಶಪ್ಪ ಬೆನ್ನು ಬಿದ್ದಾನೆ. ನಮ್ಮ ಕಂಪನಿ ಮಾಲೀಕ. ಸೋಮವಾರದಿಂದ ಗದಗಿನಾಗೆ ನಾಕು ತಿಂಗಳ ಕ್ಯಾಂಪ್ ಐತೆ. ಹಾಸ್ಯದ ದೊಡ್ಡ ಪಾರ್ಟು ನಂಗೇ ಇಟ್ಟಾನೆ. ಒಪ್ಪಿದ್ರ ಮಧ್ಯದಾಗೆ ಬಿಟ್ಟು ಬರಂಗಿಲ್ಲ. ಅಷ್ಟರಾಗೆ ಸಿನಿಮಾದೋರು ಕರೆದ್ರ ಹೆಂಗೆ? ಶನಿವಾರ ಹನ್ನೆರಡರೊಳಗೆ ಹೇಳು ಅಂದಾನೆ.”

ಕೃತಿಕಾ ಸರಿಯಾಗೇ ಇದ್ದ ಮೈಕನ್ನು ಮತ್ತೊಮ್ಮೆ ಸರಿ ಮಾಡಿದಳು.

ಏದುಸಿರು ಒಂದೇ ಸಲಕ್ಕೆ ಆಯಿತು. ತಿಣುಕಾಟಕ್ಕೆ ಅವರು ಎದ್ದು ನಿಂತು ಗೋಡೆಯನ್ನೇ ತಳ್ಳಿದರು. ಕೌದಿಯ ಮೊಳೆಯೊಂದು ಕಿತ್ತುಬಂತು. ನರಳಾಟ ಎಂದಾಗ ನಿಂತರು.

“ಗಾಯದ್ದೋ, ಸಾವಿಂದೋ?”

“ಎರಡೂ ಒಂದೇ ಅಲ್ವಾ ಮಾಸ್ತರ್ರೆ?”

“ಎಲ್ಲಿ ಒಂದು! ಗಾಯದೋನು ಉಸಿರು ಒಳಗೆ ಎಳಕೊಂತಾನೆ, ಇನ್ನೂ ಬೇಕು ಅಂತ. ಸಾಯೋನು ಹೊರಗೆ ಬಿಡ್ತಾನೆ. ಕಂಪನಿಯಾಗೆ ಇದನ್ನ ತಪ್ಪಿದ್ರ ಹಿಂದಿನ ಸಾಲಿನೋರು ಸುಮ್ನೆ ಬಿಡ್ತಿದ್ರಾ? ‘ಏಳಲೇ, ನಿಂಗೇನೂ ಆಗಿಲ್ಲ’ ಅಂತ ಶಿಳ್ಳೆ ಹೊಡೀತಿದ್ರು. ಹೇಳು, ಯಾವುದು?”

ಬಾಗಿಲಲ್ಲಿ ರೇವಂತ ನಿಂತಿದ್ದ. ಅವಳನ್ನು ನೋಡಿ ಒಂದೇ ಒಂದು ಸಲ ತಲೆಯನ್ನು ಅಡ್ಡ ಆಡಿಸಿದ.

“ಗಾಯದ್ದು,” ಎಂದಳು.

“ಹಂಗಾದ್ರ ಬದುಕ್ತಾನೆ.” ಬಕ್ಕೇಶಪ್ಪ ಅಂಗಿಯ ಮೇಲಿನ ಗುಂಡಿ ಬಿಚ್ಚಿದರು. ಗಾಯದ ನರಳಾಟವನ್ನು ಎಷ್ಟು ಚೆನ್ನಾಗಿ ಮಾಡಿದರೆಂದರೆ ಸಂತೋಷ ಏನಾಯಿತೆಂದು ಇಣುಕಿ ನೋಡಿ ಹೋದ.

ಶುಕ್ರವಾರ ಮೇಜಿನ ಕೆಳಗೆ ಕೃತಿಕಾಳ ಕಾಲು ಒಂದೇ ಸಮ ಅಲುಗುತ್ತಿತ್ತು. ಪಕ್ಕದ ಮೇಜು ಅಲುಗಿ ಸಂತೋಷ ಎರಡು ಸಲ ಬೈದ. ಬಕ್ಕೇಶಪ್ಪನವರ ನಂಬರಿಗೆ ‘ಕಂಪನಿಗೆ ಹೋಗಿ ಮಾಸ್ತರ್ರೆ’ ಎಂದು ಬರೆದಳು, ಅಳಿಸಿದಳು. ‘ಒಂದು ಮಾತು ಹೇಳಬೇಕಿತ್ತು’ ಎಂದು ಬರೆದಳು, ಅದನ್ನೂ ಅಳಿಸಿದಳು. ಅವಳಿಗೆ ಇದು ಮೊದಲ ನೌಕರಿ. ಈ ಕೆಲಸ ಹೋದರೆ ಅಪ್ಪನ ಸೀರೆ ಅಂಗಡಿಯ ಗಲ್ಲಾದ ಹಿಂದೆ ಕೂರುವುದೇ ಗತಿ. ಅದನ್ನು ತಪ್ಪಿಸಿಕೊಳ್ಳಲು ಅವಳು ಮನೆಯಲ್ಲಿ ಒಂದು ವರ್ಷ ಜಗಳವಾಡಿದ್ದಳು. ಯೋಚನೆ ಇಲ್ಲಿಗೆ ಬಂದು ನಿಂತಾಗಲೆಲ್ಲ ಫೋನನ್ನು ಬೋರಲು ಹಾಕಿ, ಬರೆದಿದ್ದ ಚಿತ್ರಗಳ ಗೆರೆ ತಿದ್ದುತ್ತಿದ್ದಳು. ಎಪ್ಪತ್ತೊಂದು, ಎಪ್ಪತ್ತೆರಡು, ಎಪ್ಪತ್ತಮೂರು. ಪರಮೇಶಿಯ ಕೈ ಬಾಗಿಲಿನಿಂದ ಜಾರುತ್ತಿತ್ತು.

ಶನಿವಾರ ಹತ್ತೂವರೆಗೆ ಬೆಂಗಳೂರಿನಿಂದ ಫೋನು ಬಂತು. ರೇವಂತ ಕೇಳಿಸಿಕೊಂಡು, ಹ್ಞೂಂ ಹ್ಞೂಂ ಎಂದು, ನೇರ ಕೃತಿಕಾಳ ಮೇಜಿಗೆ ಬಂದ.

“ಸೌಂಡು ಸರಿ ಇಲ್ಲವಂತೆ. ಚಿತ್ರದಾಗೆ ಸಾಯ್ತಾನೆ, ದನಿಯಾಗೆ ಸಾಯ್ತಿಲ್ಲ ಅಂತಾರೆ. ಎದ್ದು ಊಟಕ್ಕೆ ಹೋಗ್ತಾನೇನೋ ಅನ್ನೋ ಹಂಗೆ ಐತಂತೆ.”

“ಗಾಯದ್ದು ಕೊಡ್ರಿ ಅಂದ್ವಿ, ಗಾಯದ್ದೇ ಕೊಟ್ರು ಸರ್.”

“ಈಗ ಅದೆಲ್ಲ ಯಾಕ? ಐದು ಗಂಟೆಗೆ ಪೂರಾ ಫೈಲು ಹೋಗ್ಬೇಕು. ನೀನೇ ಹರಿಹರಕ್ಕೆ ಹೋಗಿ ಇನ್ನೊಂದು ತಗೊಂಡು ಬಾ. ಮೈಕ್ ಕೈಕೊಟ್ಟಿತ್ತು ಅನ್ನು. ಹೊಟ್ಟೆನೋವು ಬಂದಂಗೆ ಮಾಡ್ರಿ ಅನ್ನು. ಏನಾರ ಅನ್ನು. ಸಾಯ್ತಾನೆ ಅಂತ ಮಾತ್ರ ಬ್ಯಾಡ.”

ರೆಕಾರ್ಡರು, ಮೈಕು ಚೀಲಕ್ಕೆ ಹಾಕಿಕೊಂಡು ಸ್ಕೂಟಿ ಹತ್ತುವಾಗ ಹನ್ನೊಂದು ಗಂಟೆ. ಹನ್ನೆರಡಕ್ಕೆ ಇನ್ನೂ ಒಂದು ತಾಸು ಇತ್ತು. ದಾರಿಯಲ್ಲಿ ಬಾತಿ ಊರು ದಾಟುವಾಗ ಅವಳು ಹೇಳಿಬಿಡುವುದೆಂದು ತೀರ್ಮಾನಿಸಿಬಿಟ್ಟಿದ್ದಳು. ಅದಕ್ಕೂ ಮೊದಲೇ ತೀರ್ಮಾನಿಸಿದ್ದಳೋ ಏನೋ. ಬಾತಿಯ ಹತ್ತಿರ ಕಬ್ಬಿನ ಲಾರಿಯೊಂದು ಅಡ್ಡ ನಿಂತು ಹತ್ತು ನಿಮಿಷ ತಿಂದಾಗ ಬಾಯಲ್ಲಿ ಬಂದ ಬೈಗುಳ ಕೇಳಿ ಅವಳಿಗೇ ಗೊತ್ತಾಯಿತು. ಒಮ್ಮೆ ಫೋನು ಹಚ್ಚಿದಳು. ಬಕ್ಕೇಶಪ್ಪ ಎತ್ತಲಿಲ್ಲ.

ದೇವಸ್ಥಾನದ ಹಿಂದಿನ ಓಣಿಯಲ್ಲಿ ಅವರ ಮನೆ ಸಿಕ್ಕಾಗ ಹನ್ನೊಂದೂ ನಲವತ್ತು. ಬಕ್ಕೇಶಪ್ಪ ಕಟ್ಟೆಯ ಮೇಲೆ ಪೇಪರು ಓದುತ್ತಿದ್ದರು. ಅವರ ಹೆಂಡತಿ ಗುರುಶಾಂತಮ್ಮ ಹೊಸ್ತಿಲಲ್ಲಿ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ಕೃತಿಕಾ ಹೆಲ್ಮೆಟ್ಟು ತೆಗೆಯುವ ಮೊದಲೇ ಬಾಯಿ ಬಿಟ್ಟಳು.

“ಮಾಸ್ತರ್ರೆ, ಮಲ್ಲೇಶಪ್ಪಗೆ ಈಗ್ಲೇ ಹ್ಞೂಂ ಅನ್ರಿ. ಎರಡನೇ ಭಾಗದಾಗೆ ನೀವಿಲ್ಲ. ಪರಮೇಶಿ ಸಾಯ್ತಾನೆ. ಮೊನ್ನೆ ನಾನು ಸುಳ್ಳು ಹೇಳಿದೆ.”

ಬಕ್ಕೇಶಪ್ಪ ಪೇಪರನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಕೆಳಗಿಟ್ಟುಕೊಂಡರು.

“ಮೊನ್ನೇನೇ ಹೇಳಿಬಿಟ್ಟೆನಲ್ಲವ್ವ, ಬರಂಗಿಲ್ಲ ಅಂತ. ನಿಮ್ಮ ಆಫೀಸಿನ ಕೆಳಗೇ ನಿಂತು ಫೋನು ಮಾಡಿದೆ. ಗಾಯ ಅಂದ್ಯಲ್ಲ. ಬದುಕೋನಿಗೆ ಮುಂದಿನ ಭಾಗದಾಗೆ ಕೆಲಸ ಇರ್ತದೆ ಅಂತ ತಿಳಕೊಂಡೆ.”

ಕೃತಿಕಾಳಿಗೆ ನಿಲ್ಲಬೇಕೋ ಕೂರಬೇಕೋ ತಿಳಿಯಲಿಲ್ಲ. “ಈಗೊಂದ್ಸಲ ಕೇಳಿ ನೋಡ್ರಿ,” ಎಂದಳು.

ಕೇಳಿದರು. ಅವರ ಫೋನಿನಲ್ಲಿ ಮಾತು ಓಣಿಗೆಲ್ಲ ಕೇಳುತ್ತಿತ್ತು. “ಆ ಪಾರ್ಟು ಎರ್ರಿಸ್ವಾಮಿಗೆ ಕೊಟ್ಟಾಯ್ತಲ್ಲೋ,” ಎಂದ ಮಲ್ಲೇಶಪ್ಪ. “ಅವನ ಹೆಸರು ಹಾಕಿ ಬ್ಯಾನರ್ ಹೊಡೆಸೀನಿ. ನೀನು ಸಿನಿಮಾ ಸ್ಟಾರು, ನಮ್ಮ ಡೇರೆಗೆ ಎಲ್ಲಿ ಬರ್ತೀ ಅಂದ್ಕಂಡೆ. ಕಾನ್‌ಸ್ಟೇಬಲ್ ಪಾರ್ಟು ಖಾಲಿ ಐತೆ ನೋಡು. ಎರಡು ಸೀನು. ಬ್ಯಾಡಾಂದ್ರ ಬ್ಯಾಡ, ನನ್ ಮ್ಯಾಲೆ ಸಿಟ್ಟಾಗಬ್ಯಾಡ.”

“ಆಮೇಲೆ ಮಾಡ್ತೀನಿ,” ಎಂದು ಬಕ್ಕೇಶಪ್ಪ ಫೋನಿಟ್ಟರು.

“ನಾನು ಬಡಕೊಂಡೆ,” ಎಂದರು ಗುರುಶಾಂತಮ್ಮ ಸೊಪ್ಪಿನಿಂದ ತಲೆಯೆತ್ತದೆ. “ನಾಕು ಸೀನಿಗೆ ಗಡ್ಡ ಬಿಟ್ಕಂಡು ಕುಂದ್ರಬ್ಯಾಡ್ರಿ ಅಂತ. ಈಗ ನೋಡ್ರಿ, ಸಾಯೋದಾದ್ರೂ ನೆಟ್ಟಗೆ ಸಿನಿಮಾದಾಗೆ ಸತ್ರಾ? ಕಾರ್ಟೂನಿನಾಗೆ!” ಆಮೇಲೆ ಕೃತಿಕಾಳ ಕಡೆ ತಿರುಗಿದರು. “ನೀನು ಯಾರ ಮಗಳವ್ವ? ನಿಮ್ಮನಿಯಾಗೆ ಹಿಂಗೇ ಹೇಳಿಕೊಟ್ಟಾರೇನು?”

ಕೃತಿಕಾ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದಳು.

“ಚೀಲದಾಗೆ ಏನೈತೆ?” ಎಂದರು ಬಕ್ಕೇಶಪ್ಪ.

“ಮೈಕು. ಮೊನ್ನೆ ಕೊಟ್ಟಿದ್ದು ಸರಿ ಹೊಂದ್ತಿಲ್ಲ ಅಂತ ಕಳ್ಸಿದ್ರು. ಸಾವಿಂದು ಬೇಕಂತೆ.”

ಅವರು ಮೊದಲ ಸಲ ಅವಳನ್ನು ಸಿಟ್ಟಿನಿಂದ ನೋಡಿದರು. “ಪಾರ್ಟು ಹೋಯ್ತು ಬಿಡು. ಗಾಯ ಅಂತ ಹೇಳಿ ನನ್ನ ಕೈಯಾಗೆ ತಪ್ಪು ಕೆಲಸ ಮಾಡಿಸಿದ್ಯಲ್ಲ? ಅಲ್ಲಿ ಕುಂತೋರು ಏನಂದಿರ್ತಾರೆ? ಹರಿಹರದ ಮುದುಕಂಗೆ ಸಾಯೋಕೂ ಬರಂಗಿಲ್ಲ ಅಂತ ನಕ್ಕಿರ್ತಾರೆ.” ಕೈ ಚಾಚಿದರು. “ಚಿತ್ರ ತೋರ್ಸು.”

ಅವಳು ಫೋನಿನಲ್ಲಿ ಆ ಒಂಬತ್ತು ಸೆಕೆಂಡು ತೆರೆದು ಕೊಟ್ಟಳು. ಸಹಿ ಹಾಕಿದ ಕರಾರಿನಲ್ಲಿ ಇನ್ನು ಮುರಿಯಲು ಏನೂ ಉಳಿದಿರಲಿಲ್ಲ. ಬಕ್ಕೇಶಪ್ಪ ಕನ್ನಡಕ ಹಾಕಿಕೊಂಡು ನೋಡಿದರು. ಗೆರೆಗಳಲ್ಲಿ ಅವರದೇ ಮೂಗು, ಅವರದೇ ಕುರುಚಲು ಗಡ್ಡ. ಮೂರು ಸಲ ನೋಡಿದರು. ಗುರುಶಾಂತಮ್ಮ ಬೇಡವೆಂದರೂ ಬಗ್ಗಿ ಒಂದು ಸಲ ನೋಡಿದರು.

“ಯಾರು ಬರೆದದ್ದು?”

“ನಾನೇ.”

“ಕೈ ಮೊದಲು ಬಿಡಿಸೀಯ. ಬಾಗಿಲು ಮುಚ್ಚಾಕೆ ಅಂತ ಬಂದೋನು ಕೈ ಮೊದಲು ಬಿಡ್ತಾನೇನು? ಮಂಡಿ ಹೋಗ್ತವೆ, ಸೊಂಟ ಹೋಗ್ತದೆ, ತಲೆ ಜೋತು ಬೀಳ್ತದೆ. ಕೈ ಮಾತ್ರ ಇನ್ನೂ ಅಲ್ಲೇ ಇರ್ತದೆ. ನಿನ್ನ ಪರಮೇಶಿ ಸಂತೆ ಚೀಲ ಕೆಳಗಿಟ್ಟಂಗೆ ಸಾಯ್ತಾನೆ.”

ಅವರು ಹೇಳಿದ್ದು ನಿಜವೆಂದು ಅವಳಿಗೆ ಕೂಡಲೇ ಕಂಡಿತು. ಅರವತ್ತನೆಯ ಚಿತ್ರದಿಂದ ಮುಂದಕ್ಕೆ ಎಲ್ಲವನ್ನೂ ಹೊಸದಾಗಿ ಬರೆಯಬೇಕಾಗುತ್ತದೆಂದೂ ಕಂಡಿತು.

ಫೋನು ಅವರ ಕೈಯಲ್ಲಿದ್ದಾಗಲೇ ರೇವಂತನ ಕರೆ ಬಂತು. ಕೃತಿಕಾ ತೆಗೆದುಕೊಳ್ಳಲು ಕೈ ಚಾಚಿದಳು. ಬಕ್ಕೇಶಪ್ಪ ಕೊಡಲಿಲ್ಲ.

“ನಿಮ್ಮ ಸಾಹೇಬನೇನು? ಮಾಸ್ತರಿಗೆ ಎಲ್ಲಾ ಹೇಳೀನಿ, ತೋರಿಸೀನಿ ಅಂತ ಅವನಿಗೆ ಹೇಳು. ನನ್ನೆದುರಿಗೇ ಹೇಳು. ಆಮೇಲೆ ನೋಡೋಣ ಕೊಡೋದೋ ಬಿಡೋದೋ.”

“ನನ್ನ ಕೆಲಸ ಹೋಗ್ತದೆ ಮಾಸ್ತರ್ರೆ.”

“ಹೋಗಬಹುದು,” ಎಂದರು. “ನಂದು ಹೋಯ್ತಲ್ಲ.”

ಕರೆ ನಿಂತು ಮತ್ತೆ ಶುರುವಾಯಿತು. ಅವರೇ ಹಸಿರು ಗುಂಡಿ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಕಟ್ಟೆಯ ಮೇಲಿಟ್ಟರು. ಕೃತಿಕಾ ಫೋನಿನ ಕಡೆ ಬಗ್ಗಿದಳು.

“ಸರ್, ಮಾಸ್ತರ್ರಿಗೆ ಹೇಳಿಬಿಟ್ಟೆ. ಪರಮೇಶಿ ಸಾಯ್ತಾನೆ ಅಂತ. ಚಿತ್ರಾನೂ ತೋರಿಸ್ದೆ.”

ಗುರುಶಾಂತಮ್ಮನವರ ಕೈಯಲ್ಲಿ ಸೊಪ್ಪಿನ ಕಡ್ಡಿ ಹಾಗೇ ನಿಂತಿತ್ತು.

“ಸೌಂಡ್ ಸಿಕ್ತಾ?” ಎಂದ ರೇವಂತ.

“ಇನ್ನೂ ಇಲ್ಲ.”

“ಬೇಗ ತಗೋ. ಉಳಿದದ್ದು ಸೋಮವಾರ ಮಾತಾಡೋಣ.” ಫೋನಿಟ್ಟ.

ಬಕ್ಕೇಶಪ್ಪ ಫೋನನ್ನು ಅವಳ ಕೈಗೆ ಕೊಟ್ಟರು. “ಇಷ್ಟಕ್ಕೆ ನೀನು ಹೆದರಿದ್ದೇನು?” ಎಂದರು. ಸೋಮವಾರ ಏನು ಮಾತಾಡುತ್ತಾರೆಂದು ಇಬ್ಬರಿಗೂ ಗೊತ್ತಿರಲಿಲ್ಲ, ಒಳ್ಳೆಯದಂತೂ ಇರಲಾರದು. ಅವರು ಎದ್ದು ಒಳಕೋಣೆಗೆ ಹೋದರು. “ಬಾ. ಬಾಗಿಲು ಹಾಕು. ಫ್ಯಾನು ಆರಿಸು. ಗುರುಶಾಂತಾ, ಕುಕ್ಕರ್ ಇಳಿಸು, ಸಾಯೋ ಹೊತ್ತಿಗೆ ಸೀಟಿ ಹೊಡೆದೀತು.”

ಒಳಗೆ ಅವರು ಕಬ್ಬಿಣದ ಬೀರುವಿಗೆ ಎರಡೂ ಅಂಗೈ ಒತ್ತಿ ನಿಂತರು. ಕೃತಿಕಾ ಮೈಕನ್ನು ಅವರ ಗದ್ದದ ಕೆಳಗೆ ಹಿಡಿದಳು. ಮೊದಲು ಏನೂ ಕೇಳಲಿಲ್ಲ. ಆಮೇಲೆ ಅವರು ಉಸಿರನ್ನು ಬಿಟ್ಟರು. ಅದು ನರಳಾಟವೇ ಆಗಿರಲಿಲ್ಲ. ಏನೋ ಹೇಳಹೊರಟು, ಇನ್ನು ಹೇಳುವುದು ಬೇಕಿಲ್ಲವೆಂದು ಬಿಟ್ಟವರ ಸದ್ದು. ಅವರ ಮಂಡಿ ಮಡಚಿತು, ಸೊಂಟ ಕುಸಿಯಿತು, ತಲೆ ಜೋತುಬಿತ್ತು. ಅಂಗೈಗಳು ಬೀರುವಿನ ಮೇಲೇ ಇದ್ದವು. ಬಾಗಿಲಾಚೆ ಗುರುಶಾಂತಮ್ಮ “ರೀ” ಎಂದರು.

ಬಕ್ಕೇಶಪ್ಪ ಎದ್ದು ಪಂಚೆ ಕೊಡವಿಕೊಂಡರು. “ಆಯ್ತಾ? ಒನ್ಸ್ ಮೋರ್ ಇಲ್ಲ ನೋಡು.”

“ಆಯ್ತು,” ಎಂದಳು. ‘ರೀ’ ಎಂಬುದೂ ಒಳಗೆ ಸೇರಿತ್ತು, ಅಷ್ಟನ್ನು ಕತ್ತರಿಸಬಹುದು.

ಅವಳು ಹೊರಗೆ ಬಂದು ವೈರು ಸುತ್ತಿ ಚೀಲಕ್ಕೆ ತುರುಕಿದಳು. ಹನ್ನೆರಡೂ ಇಪ್ಪತ್ತು. ಸಂತೋಷನನ್ನೂ ಕೂರಿಸಿಕೊಂಡು ಐದರೊಳಗೆ ನಲವತ್ತೆಂಟು ಚಿತ್ರ ಬರೆಯಬೇಕು, ಕೈಯನ್ನು ಕೊನೆಯವರೆಗೆ ಬಾಗಿಲ ಮೇಲೇ ಇಡಬೇಕು. ಹೋಗಿಬರುತ್ತೇನೆಂದು ಹೇಳಲು ತಿರುಗಿದಾಗ ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಗುರುಶಾಂತಮ್ಮ ಕುಕ್ಕರನ್ನು ಮತ್ತೆ ಒಲೆಗೆ ಏರಿಸುತ್ತಿದ್ದರು. ಬಕ್ಕೇಶಪ್ಪ ಒಂದು ಕೈಯಲ್ಲಿ ಗಡ್ಡ ಕೆರೆದುಕೊಳ್ಳುತ್ತ ಫೋನಿನಲ್ಲಿ ಕೇಳುತ್ತಿದ್ದರು:

“ಮಲ್ಲೇಶಪ್ಪ, ಕಾನ್‌ಸ್ಟೇಬಲ್‌ಗೆ ಬೂಟು ಕಂಪನೀದೋ, ನಾನೇ ತರ್ಬೇಕೋ?”